ಕಲ್ನಾರು ಮತ್ತು ಎದೆಪೊರೆಯ ಕ್ಯಾನ್ಸರು

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ)

ಎದೆಯ ಕ್ಯಾನ್ಸರೆಂದೊಡನೆ ನಮಗೆ ನೆನಪಾಗುವುದು ಬೀಡಿ, ಸಿಗರೇಟು. ಶ್ವಾಸಕೋಶದ ಕ್ಯಾನ್ಸರಿಗೆ ತಂಬಾಕಿನ ಹೊಗೆಯೇ ಅತಿ ಮುಖ್ಯ ಕಾರಣವೆಂಬುದು ನಿರ್ವಿವಾದವಾದ ಸಂಗತಿ. ಆದರೆ ಜನ್ಮದಲ್ಲಿ ಒಂದು ಬೀಡಿಯನ್ನೂ ತುಟಿಗಿಟ್ಟವನಲ್ಲದ ಮನುಷ್ಯನ ಎದೆಗೂಡಿನಲ್ಲಿ ಹುಟ್ಟುವ, ಹುಟ್ಟಿದ ಮೇಲೆ ಹೊಗೆ ಬಿಟ್ಟವನೆಂದು ಸ್ವಲ್ಪವೂ ದಯೆ ತೋರಿಸದ, ಇನ್ನೊಂದು ಅಪೂರ್ವವಾದ ಕ್ಯಾನ್ಸರುಂಟು. ಅದಕ್ಕೆ ವೈದ್ಯರು ಇಟ್ಟಿರುವ ಹೆಸರು ಮೀಸೊಥೀಲಿಯೋಮ. ಬಾಯಿಗೆ ಕಷ್ಟವಾದ ಹೆಸರು. ಈ ಲೇಖನದಲ್ಲಿ ಇದನ್ನು ಎದೆಪೊರೆಯ ಕ್ಯಾನ್ಸರು ಎಂದೇ ಕರೆಯುತ್ತೇನೆ. 2020ನೆಯ ಇಸವಿಯಲ್ಲಿ ಜಗತ್ತಿನಲ್ಲಿ ಶ್ವಾಸಕೋಶದ ಕ್ಯಾನ್ಸರು ಹೊಸದಾಗಿ ಕಂಡುಬಂದವರ ಸಂಖ್ಯೆ ಸುಮಾರು 22 ಲಕ್ಷವಾದರೆ, ಈ ರೋಗ ಕಂಡುಬಂದವರು ಸುಮಾರು 31 ಸಾವಿರ ಮಂದಿ ಮಾತ್ರ. ಎಪ್ಪತ್ತಕ್ಕೆ ಒಂದು ಎಂಬ ಲೆಕ್ಕ.

ಇಷ್ಟು ಅಪರೂಪದ ರೋಗವನ್ನು ಕುರಿತು, ಅದರಲ್ಲಿಯೂ ಚರಿತ್ರೆ ಅರ್ಥಶಾಸ್ತ್ರಗಳನ್ನು ಓದುವ ವಿದ್ಯಾರ್ಥಿಯೊಬ್ಬನು, ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಏಕೆ ಬರೆಯಬೇಕೆಂದು ಯಾರಾದರೂ ಕೇಳಬಹುದು. ಇದಕ್ಕೆ ಎರಡು ಉತ್ತರಗಳಿವೆ. ಬಹುಪಾಲು ಕ್ಯಾನ್ಸರುಗಳ ವಿಷಯದಲ್ಲಿ ಈ ರೋಗಿಗೆ ಇದೇ ಕಾರಣದಿಂದ ಬಂದಿತೆಂದು ಬೆರಳಿಟ್ಟು ತೋರಿಸುವುದು ಕಷ್ಟ. ಇಲ್ಲಿ ಹಾಗಲ್ಲ. ಕಾರಣ ಗೊತ್ತಿದೆ, ಅದರ ಹೆಸರು ಗೊತ್ತಿದೆ, ಅದನ್ನು ಯಾರು ಅಗೆದರು, ಯಾರು ಮಾರಿದರು, ಯಾರು ಉಸಿರಾಡಿದರು ಎಂಬುದೂ ಗೊತ್ತಿದೆ. ಆದುದರಿಂದ ಇದು ವೈದ್ಯಶಾಸ್ತ್ರದ ವಿಷಯವಾದಷ್ಟೇ ಚರಿತ್ರೆಯ ವಿಷಯವೂ ಹೌದು. ಎರಡನೆಯ ಉತ್ತರ ನಮ್ಮ ತಲೆಯ ಮೇಲೆಯೇ ಇದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಕಾರಣವಾದ ವಸ್ತುವನ್ನು ನೋಡೋಣ. ಆಸ್‌ಬೆಸ್ಟಾಸ್ ಎಂಬುದು ಗ್ರೀಕ್ ಶಬ್ದ. ಆರಿಸಲಾಗದ್ದು ಎಂದು ಅದರ ಅರ್ಥ. ನಮ್ಮ ಭಾಷೆಯಲ್ಲಿ ಇದಕ್ಕೆ ಇದಕ್ಕಿಂತ ಒಳ್ಳೆಯ ಹೆಸರಿದೆ: ಕಲ್ನಾರು. ಕಲ್ಲೂ ಹೌದು, ನಾರೂ ಹೌದು. ಗ್ರೀಕರ ಹೆಸರು ವಸ್ತುವಿನ ಗುಣವನ್ನು ಹೊಗಳುತ್ತದೆ. ನಮ್ಮ ಹೆಸರು ಆ ವಸ್ತು ಏನೆಂಬುದನ್ನೇ ಹೇಳಿಬಿಡುತ್ತದೆ. ರೋಗದ ರಹಸ್ಯವೂ ಆ ಎರಡು ಮಾತುಗಳ ಕೂಡಿಕೆಯಲ್ಲಿಯೇ ಇದೆಯೆಂದು ಓದುತ್ತಾ ಹೋದಂತೆ ನನಗೆ ಅನ್ನಿಸಿತು. ಕೆಲವು ಬಂಡೆಗಳ ಬಿರುಕಿನಲ್ಲಿ ರೇಷ್ಮೆಯ ಎಳೆಗಳಂತೆ ಒತ್ತೊತ್ತಾಗಿ ಕುಳಿತಿರುವ ಈ ಖನಿಜವನ್ನು ಬೆರಳಿನಿಂದ ಬಿಡಿಸಬಹುದು, ನೂಲಬಹುದು, ನೇಯಬಹುದು. ಬೆಂಕಿಗೆ ಹಾಕಿದರೆ ಸುಡದು, ಆಮ್ಲಕ್ಕೆ ಸುಲಭವಾಗಿ ಕರಗದು, ಕೊಳೆಯದು. ಸುಡದ ಬಟ್ಟೆಯನ್ನು ಕಂಡ ಹಿಂದಿನವರು ಅದು ಬೆಂಕಿಯಲ್ಲಿ ವಾಸಮಾಡುವ ಪ್ರಾಣಿಯೊಂದರ ತುಪ್ಪಳವೆಂದು ಕಥೆ ಕಟ್ಟಿದ್ದರು. ಅದು ಪ್ರಾಣಿಯ ತುಪ್ಪಳವಲ್ಲ, ಬೆಟ್ಟದಿಂದ ಅಗೆದ ವಸ್ತುವೆಂದು ಮಾರ್ಕೊ ಪೋಲೊ ಬರೆದಿಟ್ಟನು.

ಕಲ್ನಾರಿನಲ್ಲಿ ಆರು ಬಗೆಗಳಿವೆ. ವ್ಯಾಪಾರಕ್ಕೆ ಹೆಚ್ಚಾಗಿ ಬಂದವು ಮೂರು: ಸುರುಳಿಸುರುಳಿಯಾದ ಬಿಳಿಯ ಕಲ್ನಾರು, ಸೂಜಿಯಂತೆ ನೆಟ್ಟಗಿರುವ ನೀಲಿ ಮತ್ತು ಕಂದು ಕಲ್ನಾರುಗಳು. ಉಗಿಯಂತ್ರದ ಯುಗ ಬಂದಾಗ ಕೊಳವೆಗಳಿಗೆ, ಬಾಯ್ಲರುಗಳಿಗೆ ಹೊದಿಕೆ ಬೇಕಾಯಿತು. ಹಡಗುಗಳಿಗೆ, ರೈಲುಗಳಿಗೆ, ಮೋಟಾರಿನ ಬ್ರೇಕುಗಳಿಗೆ ಬೇಕಾಯಿತು. 1900ರ ಸುಮಾರಿನಲ್ಲಿ ಆಸ್ಟ್ರಿಯ ದೇಶದ ಲುಡ್ವಿಗ್ ಹಾಟ್‌ಷೆಕ್ ಎಂಬುವನು ಸಿಮೆಂಟಿನೊಡನೆ ಕಲ್ನಾರನ್ನು ಬೆರೆಸಿ ತೆಳುವಾದ ಹಲಗೆಗಳನ್ನು ಮಾಡುವ ಯಂತ್ರವನ್ನು ಕಂಡುಹಿಡಿದನು. ನಮ್ಮ ಹಳ್ಳಿಹಳ್ಳಿಗಳಲ್ಲಿ ಕಾಣುವ ಅಲೆಅಲೆಯಾದ ಬೂದುಬಣ್ಣದ ಷೀಟು ಆ ಯಂತ್ರದ ಸಂತತಿಯೇ. ಅದರಲ್ಲಿ ಬಹುಪಾಲು ಸಿಮೆಂಟು; ಕಲ್ನಾರು ಹತ್ತರಲ್ಲಿ ಒಂದು ಪಾಲಿನಷ್ಟಿರಬಹುದು.

ಇನ್ನು ಮನುಷ್ಯನ ಎದೆಗೂಡಿನೊಳಕ್ಕೆ ಬರೋಣ. ಶ್ವಾಸಕೋಶವು ಉಸಿರು ತೆಗೆದುಕೊಂಡಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ದಿನಕ್ಕೆ ಇಪ್ಪತ್ತು ಸಾವಿರ ಸಲ ಹೀಗೆ ಆಡುವ ವಸ್ತು ಪಕ್ಕೆಲುಬುಗಳಿಗೆ ಉಜ್ಜಿ ಸವೆಯಬಾರದಲ್ಲವೇ? ಅದಕ್ಕಾಗಿ ಪ್ರಕೃತಿಯು ಎರಡು ಪದರದ ಒಂದು ಪೊರೆಯನ್ನು ಇಟ್ಟಿದೆ. ಒಂದು ಪದರ ಶ್ವಾಸಕೋಶವನ್ನು ಅಪ್ಪಿಕೊಂಡಿದೆ; ಇನ್ನೊಂದು ಎದೆಗೂಡಿನ ಒಳಗೋಡೆಗೆ ಅಂಟಿಕೊಂಡಿದೆ. ನಡುವೆ ಒಂದೆರಡು ಚಮಚದಷ್ಟು ನೀರು. ಗಾಣಕ್ಕೆ ಎಣ್ಣೆ ಹೇಗೋ ಹಾಗೆ. ಎದೆಪೊರೆಯ ಕ್ಯಾನ್ಸರು ಹುಟ್ಟುವುದು ಈ ಪೊರೆಯಲ್ಲಿ. ಆದಕಾರಣ ಇದನ್ನು ಶ್ವಾಸಕೋಶದ ಕ್ಯಾನ್ಸರೆಂದು ಜನ ಕರೆದರೂ ಶಾಸ್ತ್ರದ ದೃಷ್ಟಿಯಿಂದ ಅದು ಶ್ವಾಸಕೋಶದ್ದಲ್ಲ, ಅದರ ಹೊದಿಕೆಯದು. ಹೊಟ್ಟೆಯೊಳಗಿನ ಅಂಗಗಳಿಗೂ ಇಂಥದೇ ಪೊರೆಯಿದೆ. ಅಲ್ಲಿಯೂ ಈ ರೋಗ ಕೆಲವು ವೇಳೆ ಹುಟ್ಟುತ್ತದೆ.

ನಾವು ಉಸಿರಾಡುವ ಗಾಳಿಯಲ್ಲಿ ದೂಳು ಇದ್ದೇ ಇರುತ್ತದೆ. ಅದನ್ನು ಕೆಮ್ಮಿ ಕ್ಯಾಕರಿಸಿ ಹೊರಹಾಕುತ್ತೇವೆ. ಅದಕ್ಕೂ ತಪ್ಪಿಸಿಕೊಂಡು ಒಳಹೊಕ್ಕ ಕಣಗಳನ್ನು ನುಂಗಿ ಜೀರ್ಣಿಸಿಕೊಳ್ಳುವ ಭಕ್ಷಕ ಕಣಗಳು ಶ್ವಾಸಕೋಶದಲ್ಲಿ ಪಹರೆ ಮಾಡುತ್ತಿರುತ್ತವೆ. ದುಂಡಗಿನ ದೂಳಿನ ಕಣವಾದರೆ ಅವು ಗುಳುಂ ಎಂದು ನುಂಗಿಬಿಡುತ್ತವೆ. ಕಲ್ನಾರಿನ ಎಳೆ ಹಾಗಲ್ಲ. ಅದು ನಮ್ಮ ತಲೆಗೂದಲಿನ ನೂರನೆಯ ಒಂದು ಪಾಲಿಗಿಂತ ತೆಳುವಾಗಿರಬಹುದು, ಆದುದರಿಂದ ಗಾಳಿಯೊಡನೆ ಆಳಕ್ಕೆ ಇಳಿಯುತ್ತದೆ. ಆದರೆ ಉದ್ದದಲ್ಲಿ ಭಕ್ಷಕ ಕಣಕ್ಕಿಂತ ದೊಡ್ಡದಾಗಿರಬಹುದು. ಕೋಳಿಮರಿಯೊಂದು ಉದ್ದನೆಯ ದಾರವನ್ನು ನುಂಗಲು ಹೋಗಿ ಅರ್ಧ ಒಳಗೆ ಅರ್ಧ ಹೊರಗೆ ಮಾಡಿಕೊಂಡು ಒದ್ದಾಡುವುದನ್ನು ನೋಡಿದವರಿಗೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ಭಕ್ಷಕ ಕಣವು ಆ ಎಳೆಯನ್ನು ನುಂಗಲಾರದೆ, ಬಿಡಲಾರದೆ, ತನ್ನ ಜೀರ್ಣರಸವನ್ನು ಸುತ್ತಲೂ ಚೆಲ್ಲಿ ಸಾಯುತ್ತದೆ. ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ನಾರಾದರೆ ಕೊಳೆಯಬೇಕಾಗಿತ್ತು, ಇದು ಕಲ್ಲು, ಕೊಳೆಯುವುದಿಲ್ಲ. ಕಲ್ಲಾದರೆ ಉರುಟಾಗಿ ಒಂದೆಡೆ ನಿಲ್ಲಬೇಕಾಗಿತ್ತು. ಇದು ನಾರು, ಜರುಗಿ ಜರುಗಿ ಪೊರೆಯವರೆಗೆ ಹೋಗುತ್ತದೆ. ಅಲ್ಲಿ ಹತ್ತಾರು ವರ್ಷ ಆರದ ಉರಿ. ಆ ಉರಿಯಲ್ಲಿ ಪೊರೆಯ ಜೀವಕೋಶಗಳು ಸಾಯುತ್ತ ಹುಟ್ಟುತ್ತ ಇರುವಾಗ, ಅವುಗಳ ಬೆಳವಣಿಗೆಗೆ ಕಡಿವಾಣದಂತಿರುವ ಕೆಲವು ಜೀನುಗಳು ಒಂದೊಂದಾಗಿ ಕೆಟ್ಟುಹೋಗುತ್ತವೆ. ಕೊನೆಗೊಂದು ದಿನ ಕಡಿವಾಣವಿಲ್ಲದ ಜೀವಕೋಶವೊಂದು ಉಳಿಯುತ್ತದೆ.

ಈ ಕೊನೆಗೊಂದು ದಿನ ಎಂಬುದು ಬರಲು ಸಾಮಾನ್ಯವಾಗಿ ಇಪ್ಪತ್ತರಿಂದ ಐವತ್ತು ವರ್ಷ ಹಿಡಿಯುತ್ತದೆ. ಈ ಸಂಖ್ಯೆಯನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ಈ ರೋಗದ ಚರಿತ್ರೆಯ ಎಲ್ಲ ಅನ್ಯಾಯವೂ ಈ ಸಂಖ್ಯೆಯ ಹಿಂದೆ ಅಡಗಿಕೊಂಡು ನಡೆದಿದೆ.

ಕಲ್ನಾರಿನ ದೂಳು ಶ್ವಾಸಕೋಶವನ್ನು ಕೆಡಿಸುತ್ತದೆಂಬುದು ಮೊದಲು ತಿಳಿದದ್ದು ಬೇರೊಂದು ರೋಗದ ಮೂಲಕ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ಕಲ್ನಾರನ್ನು ನೂಲುವ ಕೆಲಸ ಮಾಡುತ್ತಿದ್ದ ನೆಲ್ಲಿ ಕರ್ಷಾ ಎಂಬ ಹೆಂಗಸು 1924ರಲ್ಲಿ ತನ್ನ 33ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ಶ್ವಾಸಕೋಶವನ್ನು ಪರೀಕ್ಷಿಸಿದ ಡಾಕ್ಟರ್ ಕುಕ್ ಎಂಬುವರು ಅದು ಕಲ್ನಾರಿನ ಚೂರುಗಳಿಂದ ಗಡುಸಾಗಿ ಹೋಗಿದ್ದುದನ್ನು ಪ್ರಕಟಿಸಿದರು. 1930ರಲ್ಲಿ ಅಲ್ಲಿಯ ಸರ್ಕಾರಕ್ಕೆ ಮೆರ್‌ವೆದರ್ ಮತ್ತು ಪ್ರೈಸ್ ಎಂಬುವರು ವರದಿ ಒಪ್ಪಿಸಿದರು: ಪರೀಕ್ಷಿಸಿದ 363 ಕೆಲಸಗಾರರಲ್ಲಿ 95 ಮಂದಿಗೆ ಶ್ವಾಸಕೋಶ ಗಡುಸಾಗಿತ್ತು. ಮರುವರ್ಷವೇ ಕಾರ್ಖಾನೆಗಳ ದೂಳಿಗೆ ಕಾನೂನು ಬಂದಿತು. ಇದು ಆಸ್‌ಬೆಸ್ಟೋಸಿಸ್ ಎಂಬ ರೋಗ, ಕ್ಯಾನ್ಸರಲ್ಲ. ಕ್ಯಾನ್ಸರಿನ ಕಥೆ ದಕ್ಷಿಣ ಆಫ್ರಿಕದ್ದು.

ಅಲ್ಲಿಯ ಕೇಪ್ ಪ್ರಾಂತದ ವಾಯವ್ಯ ಭಾಗದಲ್ಲಿ, ಕುರುಮಾನ್ ಮತ್ತು ಪ್ರೀಸ್ಕಾ ಊರುಗಳ ಸುತ್ತ, ನೀಲಿ ಕಲ್ನಾರಿನ ಬೆಟ್ಟಗಳಿವೆ. ಗಂಡಸರು ಬಂಡೆ ಒಡೆದು ತಂದರೆ, ಹೆಂಗಸರೂ ಮಕ್ಕಳೂ ಕುಳಿತು ಸುತ್ತಿಗೆಯಿಂದ ಕಲ್ಲನ್ನು ಕುಟ್ಟಿ ನಾರನ್ನು ಬಿಡಿಸುತ್ತಿದ್ದರು. ಕಿಂಬರ್ಲಿ ನಗರದ ಕ್ಷಯರೋಗದ ಆಸ್ಪತ್ರೆಯ ಡಾಕ್ಟರ್ ಸ್ಲೆಗ್ಸ್ ಒಂದು ವಿಚಿತ್ರವನ್ನು ಗಮನಿಸಿದರು. ಎದೆಯಲ್ಲಿ ನೀರು ತುಂಬಿ ಬರುವ ರೋಗಿಗಳನ್ನು ಕ್ಷಯವೆಂದೇ ಭಾವಿಸಿ ಔಷಧ ಕೊಡುವುದು ವಾಡಿಕೆ. ಬೇರೆ ಕಡೆಯ ರೋಗಿಗಳು ಗುಣವಾಗುತ್ತಿದ್ದರು. ಕಿಂಬರ್ಲಿಯ ಪಶ್ಚಿಮದಿಂದ, ಅಂದರೆ ಕಲ್ನಾರಿನ ಸೀಮೆಯಿಂದ, ಬಂದವರಲ್ಲಿ ಕೆಲವರು ಏನು ಮಾಡಿದರೂ ಗುಣವಾಗುತ್ತಿರಲಿಲ್ಲ. ಅತ್ತ 1956ರಲ್ಲಿ ಜೊಹಾನ್ನೆಸ್‌ಬರ್ಗಿನಲ್ಲಿ ವಾಗ್ನರ್ ಎಂಬ ತರುಣ ರೋಗಶಾಸ್ತ್ರಜ್ಞನು, ಕ್ಷಯದಿಂದ ಸತ್ತನೆಂದು ಭಾವಿಸಲಾಗಿದ್ದ ಒಬ್ಬನ ಎದೆಯನ್ನು ತೆರೆದು ನೋಡಿದಾಗ ಪೊರೆಯಲ್ಲಿ ಭಾರಿಯಾದ ಗಂತಿ ಕಂಡಿತು. ವಾಗ್ನರ್, ಸ್ಲೆಗ್ಸ್ ಮತ್ತು ಶಸ್ತ್ರವೈದ್ಯ ಮಾರ್ಷಂಡ್ ಈ ಮೂವರೂ ಕೂಡಿ 1960ರಲ್ಲಿ 33 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ 32 ಮಂದಿಗೆ ಒಂದಲ್ಲ ಒಂದು ಬಗೆಯಲ್ಲಿ ನೀಲಿ ಕಲ್ನಾರಿನ ಸಂಪರ್ಕವಿದ್ದಿರಬಹುದೆಂದು ತಿಳಿದುಬಂದಿತು.

ನನ್ನನ್ನು ಬೆರಗುಗೊಳಿಸಿದುದು 32 ಎಂಬ ಸಂಖ್ಯೆಯಲ್ಲ. ಆ ರೋಗಿಗಳ ವೃತ್ತಿ. ಗಣಿಯ ಕೂಲಿಗಳು ಮಾತ್ರವಲ್ಲ, ಗೃಹಿಣಿಯರು, ಮನೆಗೆಲಸದವರು, ದನ ಕಾಯುವವರು, ರೈತರು ಅದರಲ್ಲಿದ್ದರು. ಇವರಲ್ಲಿ ಅನೇಕರು ಗಣಿಯೊಳಗೆ ಕಾಲಿಟ್ಟವರೇ ಅಲ್ಲ. ವೈದ್ಯರು ಅವರ ಈಗಿನ ಉದ್ಯೋಗವನ್ನು ಕೇಳಿ ಸುಮ್ಮನಾಗಿದ್ದರೆ ಏನೂ ತಿಳಿಯುತ್ತಿರಲಿಲ್ಲ. ನೀನು ಹುಟ್ಟಿದ್ದು ಎಲ್ಲಿ, ಮಗುವಾಗಿದ್ದಾಗ ಎಲ್ಲಿ ಆಡುತ್ತಿದ್ದೆ ಎಂದು ಕೇಳಿದರು. ಗಣಿಯ ತಿಪ್ಪೆಯ ಮೇಲೆ ಜಾರುಗುಪ್ಪೆ ಆಡಿದ ಮಗು ನಲವತ್ತು ವರ್ಷದ ಮೇಲೆ ಆಸ್ಪತ್ರೆಗೆ ಬಂದಿತ್ತು. ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಇದು ಚರಿತ್ರಕಾರರ ಪ್ರಶ್ನೆಯೆಂದೇ ತೋರುತ್ತದೆ.

ಇದೇ ಪ್ರಶ್ನೆಯನ್ನು ಲಂಡನ್ನಿನಲ್ಲಿ ಮ್ಯೂರಿಯಲ್ ನ್ಯೂಹೌಸ್ ಎಂಬ ವೈದ್ಯೆ ಮತ್ತು ಹಿಲ್ಡ ಥಾಂಪ್ಸನ್ ಎಂಬುವರು ಕೇಳಿ 1965ರಲ್ಲಿ ಉತ್ತರವನ್ನು ಪ್ರಕಟಿಸಿದರು. ಪೂರ್ಣ ವೃತ್ತಾಂತ ದೊರೆತ ರೋಗಿಗಳು 76. ಅವರಲ್ಲಿ 31 ಮಂದಿ ತಾವೇ ಕಲ್ನಾರಿನ ಕೆಲಸ ಮಾಡಿದ್ದವರು. ಇನ್ನು 9 ಮಂದಿ ಕೆಲಸ ಮಾಡಿದವರಲ್ಲ, ಕೆಲಸ ಮಾಡಿದವರ ಮನೆಯವರು. ಹೆಚ್ಚಾಗಿ ಹೆಂಡತಿಯರು. ಅವರು ಮಾಡಿದ ಅಪರಾಧವೆಂದರೆ ಸಂಜೆ ಮನೆಗೆ ಬಂದ ಗಂಡನ ಕೆಲಸದ ಬಟ್ಟೆಯನ್ನು ಕೊಡವಿ ಒಗೆದದ್ದು. ಮಿಕ್ಕವರಲ್ಲಿ ಕೂಡ ಕಾರ್ಖಾನೆಯಿಂದ ಅರ್ಧ ಮೈಲಿಯ ಒಳಗೆ ವಾಸವಾಗಿದ್ದವರು, ಬೇರೆ ರೋಗಗಳಿಗಾಗಿ ಅದೇ ಆಸ್ಪತ್ರೆಗೆ ಬಂದವರಿಗೆ ಹೋಲಿಸಿದರೆ, ಬಹಳ ಹೆಚ್ಚಾಗಿದ್ದರು.

ಈ ಜಾಗದಲ್ಲಿ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಏಕೆಂದರೆ ನನ್ನ ತಂದೆಯವರು ಇಪ್ಪತ್ತೆರಡು ವರ್ಷಗಳಿಂದ ಮನೆಗಳಿಗೆ, ಕೊಟ್ಟಿಗೆಗಳಿಗೆ, ರೇಷ್ಮೆಹುಳದ ಮನೆಗಳಿಗೆ ಷೀಟು ಹೊದಿಸುವ ಕೆಲಸ ಮಾಡುತ್ತಾರೆ. ಅಳತೆಗೆ ಷೀಟು ಕೊಯ್ಯಬೇಕು, ಜೆ ಬೋಲ್ಟಿಗೆ ತೂತು ಕೊರೆಯಬೇಕು. ಮೊದಲು ಕೈಗರಗಸವಿತ್ತು, ಈಗ ಕರೆಂಟಿನ ಕಟ್ಟರು ಬಂದಿದೆ. ಒಂದು ಗಂಟೆಯ ಕೆಲಸ ಐದು ನಿಮಿಷಕ್ಕೆ ಮುಗಿಯುತ್ತದೆ, ಮತ್ತು ಆ ಐದು ನಿಮಿಷ ಕೊಯ್ಯುವವರ ಮುಖವೇ ಕಾಣದಷ್ಟು ಬಿಳಿಯ ದೂಳೇಳುತ್ತದೆ. ಆ ಅಂಗಿಯನ್ನು ಒಗೆಯುವವರು ನನ್ನ ತಾಯಿ. ತಂದೆಯವರಿಗೆ ಓದು ಬರಹ ಬಾರದು. ಆ ಷೀಟು ಹೊದಿಸಿದ ಕೂಲಿಯಲ್ಲಿಯೇ ನಾನು ಈ ಕಾಲೇಜಿನ ಮೆಟ್ಟಿಲು ಹತ್ತಿದೆ. ರಜೆಯಲ್ಲಿ ಊರಿಗೆ ಹೋದಾಗ ನಾನು ಓದಿದುದನ್ನು ಹೇಳಿದೆ. ಅವರು ಸಾವಧಾನವಾಗಿ ಕೇಳಿ, “ಇಪ್ಪತ್ತು ವರ್ಷ ಕುಯ್ದಿದೀನಿ, ಏನೂ ಆಗಿಲ್ಲವಲ್ಲಪ್ಪ” ಎಂದರು.

ಇದು ಅವಿದ್ಯಾವಂತರ ಮಾತೆಂದು ನಗುವವರು ನಗಬಹುದು. ನಾನು ನಗಲಾರೆ. ಅನುಭವದಿಂದ ಕಲಿಯುವ ಮನುಷ್ಯನ ನ್ಯಾಯವಾದ ವಾದವಿದು. ಹಾವು ಕಚ್ಚಿದರೆ ಗಳಿಗೆಯಲ್ಲಿ ತಿಳಿಯುತ್ತದೆ, ಕೆಟ್ಟ ನೀರು ಕುಡಿದರೆ ಮಾರನೆಯ ದಿನ ತಿಳಿಯುತ್ತದೆ; ನಲವತ್ತು ವರ್ಷದ ಮೇಲೆ ಬರುವುದನ್ನು ಅನುಭವ ತಿಳಿಸಲಾರದು. ಅದಕ್ಕೆ ಆಸ್ಪತ್ರೆಯ ದಾಖಲೆ ಬೇಕು, ಎಣಿಕೆ ಬೇಕು, ಹೋಲಿಕೆ ಬೇಕು. ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳುವುದು ನ್ಯಾಯ. ಕಲ್ನಾರಿನ ದೂಳು ಕುಡಿದವರೆಲ್ಲರಿಗೂ ಈ ಕ್ಯಾನ್ಸರು ಬರುವುದಿಲ್ಲ; ಬಹುಪಾಲು ಜನಕ್ಕೆ ಬರುವುದಿಲ್ಲ. ದೂಳು ಹೆಚ್ಚಿದಷ್ಟೂ, ಮೊದಲು ಕುಡಿದು ಕಳೆದ ವರ್ಷಗಳು ಹೆಚ್ಚಿದಷ್ಟೂ, ಬರುವ ಸಂಭವ ಹೆಚ್ಚುತ್ತದೆ. ನಮ್ಮ ಷೀಟುಗಳಲ್ಲಿರುವುದು ಬಿಳಿಯ ಕಲ್ನಾರು. ಎದೆಪೊರೆಯ ಕ್ಯಾನ್ಸರನ್ನು ಹುಟ್ಟಿಸುವುದರಲ್ಲಿ ಅದು ನೀಲಿಯಷ್ಟು ಕ್ರೂರವಲ್ಲವೆಂಬುದೂ ನಿಜ. ಈ ಕೊನೆಯ ಮಾತನ್ನು ಷೀಟಿನ ಉದ್ಯಮದವರು ಬಹಳ ಒತ್ತಿ ಹೇಳುತ್ತಾರೆ. ಆದರೆ ಬಿಳಿಯದೂ ಸೇರಿ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ನಿರ್ಣಯವಾಗಿದೆ. ಕಡಿಮೆ ವಿಷವೆಂಬುದಕ್ಕೂ ವಿಷವಲ್ಲವೆಂಬುದಕ್ಕೂ ಅಂತರವಿದೆಯಷ್ಟೆ.

ಬೀಡಿಯ ಸಂಗತಿಯನ್ನೂ ಇಲ್ಲಿಯೇ ಮುಗಿಸಿಬಿಡುತ್ತೇನೆ. ಎದೆಪೊರೆಯ ಕ್ಯಾನ್ಸರಿಗೂ ಹೊಗೆಗೂ ಸಂಬಂಧವಿಲ್ಲ. ಆದರೆ ಕಲ್ನಾರಿನ ದೂಳು ಸಾಮಾನ್ಯವಾದ ಶ್ವಾಸಕೋಶದ ಕ್ಯಾನ್ಸರನ್ನೂ ತರುತ್ತದೆ. ಅಲ್ಲಿ ದೂಳೂ ಹೊಗೆಯೂ ಸೇರಿದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. ನ್ಯೂಯಾರ್ಕಿನ ಸೆಲಿಕಾಫ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಕಲ್ನಾರಿನ ಕೆಲಸಗಾರನು ಬೀಡಿ ಬಿಡುವುದರಿಂದ ಆಗುವ ಲಾಭ ಬೇರೆಯವರ ಲಾಭಕ್ಕಿಂತ ದೊಡ್ಡದು.

ಪಶ್ಚಿಮ ಆಸ್ಟ್ರೇಲಿಯದ ವಿಟ್ಟನೂಮ್ ಎಂಬ ಗಣಿಯ ಊರಿನದು ಇದೇ ಕಥೆ. 1943ರಿಂದ 1966ರವರೆಗೆ ಸುಮಾರು 7,000 ಜನ ಅಲ್ಲಿ ನೀಲಿ ಕಲ್ನಾರಿನ ಕೆಲಸ ಮಾಡಿದರು. ಗಣಿಯ ತ್ಯಾಜ್ಯವನ್ನು ರಸ್ತೆಗೂ ಆಟದ ಮೈದಾನಕ್ಕೂ ಹಾಸಿದ್ದರು. ಅಲ್ಲಿ ಮಕ್ಕಳಾಗಿದ್ದವರೂ ಮುಂದೆ ಈ ರೋಗದಿಂದ ಸತ್ತರು. 2007ರಲ್ಲಿ ಸರ್ಕಾರವು ಊರೆಂಬ ಅದರ ಸ್ಥಾನಮಾನವನ್ನೇ ರದ್ದುಮಾಡಿತು.

ಇದಕ್ಕಿಂತ ಸ್ವಾರಸ್ಯವಾದುದು ತುರ್ಕಿಯ ಕಥೆ. ಕಪಡೋಷಿಯ ಸೀಮೆಯ ಕರಾಯಿನ್ ಎಂಬ ಸಣ್ಣ ಹಳ್ಳಿಯಲ್ಲಿ ಗಣಿಯಿಲ್ಲ, ಕಾರ್ಖಾನೆಯಿಲ್ಲ. ಆದರೂ ಅಲ್ಲಿ ಎದೆಪೊರೆಯ ಕ್ಯಾನ್ಸರು ಮಾರಿಯಂತೆ ನಿಂತಿತ್ತು. ಸಾವುಗಳಲ್ಲಿ ಅರ್ಧದ ಹತ್ತಿರದಷ್ಟು ಇದರಿಂದಲೇ. 1970ರ ದಶಕದಲ್ಲಿ ಇಜ್ಜೆತ್ತಿನ್ ಬಾರಿಷ್ ಎಂಬ ವೈದ್ಯರು ಇದನ್ನು ಬೆನ್ನುಹತ್ತಿ ಹೋದರು. ಅಲ್ಲಿಯವರು ಮನೆ ಕಟ್ಟುತ್ತಿದ್ದ ಮೃದುವಾದ ಜ್ವಾಲಾಮುಖಿಯ ಕಲ್ಲಿನಲ್ಲಿ ಎರಿಯೊನೈಟ್ ಎಂಬ ಖನಿಜ ಸಿಕ್ಕಿತು. ಅದು ಕಲ್ನಾರಲ್ಲ, ರಾಸಾಯನಿಕವಾಗಿ ಬೇರೆಯದೇ ಜಾತಿ. ಆದರೆ ಆಕಾರದಲ್ಲಿ ಅದೂ ಸೂಕ್ಷ್ಮವಾದ ಎಳೆ, ಅದೂ ಕರಗದು. ವಸ್ತು ಯಾವುದೆಂಬುದಕ್ಕಿಂತ ಅದು ಕಲ್ಲಿನ ನಾರೆಂಬುದೇ ಮುಖ್ಯವೆಂದು ಇದರಿಂದ ಸ್ಥಿರಪಟ್ಟಿತು. ಕೆಲವು ಕುಟುಂಬಗಳಲ್ಲಿ ಒಂದು ಕಡಿವಾಣದ ಜೀನು ಹುಟ್ಟಿನಿಂದಲೇ ಕೆಟ್ಟಿದ್ದು, ಅಂಥವರಿಗೆ ಈ ರೋಗ ಬೇಗ ತಗಲುತ್ತದೆಂಬುದು 2011ರಲ್ಲಿ ಗೊತ್ತಾಯಿತು.

ರೋಗದ ಲಕ್ಷಣಗಳನ್ನು ಚಿಕ್ಕದಾಗಿ ಹೇಳಬಹುದು: ಮೆಟ್ಟಿಲು ಹತ್ತುವಾಗ ಏದುಸಿರು, ಎದೆಯ ಒಂದು ಪಕ್ಕದಲ್ಲಿ ಬಿಡದ ನೋವು, ಪೊರೆಯ ಪದರಗಳ ನಡುವೆ ನೀರು ತುಂಬುವುದು, ಮೈ ಇಳಿಯುವುದು. ಎಕ್ಸ್‌ರೇಯಲ್ಲಿ ನೀರು ಕಾಣುತ್ತದೆ. ನೀರನ್ನು ತೆಗೆದರೂ ಮತ್ತೆ ತುಂಬುತ್ತದೆ. ಪೊರೆಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ, ವಿಶೇಷವಾದ ಬಣ್ಣಗಳನ್ನು ಹಾಕಿ ನೋಡದೆ ಖಚಿತವಾಗಿ ಹೇಳಲಾಗದು. ನಮ್ಮ ದೇಶದಲ್ಲಿ ಎದೆಯಲ್ಲಿ ನೀರು ಎಂದರೆ ಮೊದಲು ಕ್ಷಯದ ಸಂಶಯ. ಬಹುಪಾಲು ಅದು ಸರಿಯಾದ ಸಂಶಯವೇ. ಆದರೆ ಕಿಂಬರ್ಲಿಯಲ್ಲಿ ಆದದ್ದು ನಮ್ಮ ಜಿಲ್ಲೆಯಲ್ಲಿಯೂ ಆಗುತ್ತಿರಬಹುದಲ್ಲವೇ? ಕ್ಷಯದ ಮಾತ್ರೆ ಮುಗಿಸಿಯೂ ಗುಣವಾಗದ ಮುದುಕನೊಬ್ಬನನ್ನು, ಅಜ್ಜ, ನೀನು ವಯಸ್ಸಿನಲ್ಲಿ ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳುವವರು ಬೇಕು. ಕೇಳದಿದ್ದರೆ ಅವನು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಭಾರತದಲ್ಲಿ ಈ ರೋಗ ಕಡಿಮೆಯೆಂಬ ಮಾತನ್ನು ಈ ಕಾರಣದಿಂದ ನಾನು ಪೂರ್ತಿಯಾಗಿ ನಂಬಲಾರೆ.

ಚಿಕಿತ್ಸೆಯ ವಿಷಯದಲ್ಲಿ ಸುಳ್ಳು ಭರವಸೆ ಕೊಡಬಾರದು. ಗಂತಿಯು ಒಂದೆಡೆ ಗುಂಡಗೆ ಬೆಳೆಯದೆ ಪೊರೆಯುದ್ದಕ್ಕೂ ಹಾಸಿಕೊಂಡು ಬೆಳೆಯುವುದರಿಂದ ಕತ್ತರಿಸಿ ತೆಗೆಯುವುದು ಬಹು ಕಷ್ಟ. ಇಂಗ್ಲೆಂಡಿನಲ್ಲಿ ನಡೆದ ದೊಡ್ಡದೊಂದು ಪರೀಕ್ಷೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಪಾಡು ಔಷಧ ಮಾತ್ರ ಪಡೆದವರಿಗಿಂತ ಕೆಟ್ಟದಾಗಿತ್ತೆಂದು 2024ರಲ್ಲಿ ಪ್ರಕಟವಾಯಿತು. 2003ರಲ್ಲಿ ಸಿಸ್‌ಪ್ಲಾಟಿನ್ನಿನ ಜೊತೆಗೆ ಪೆಮೆಟ್ರೆಕ್ಸೆಡ್ ಎಂಬ ಔಷಧವನ್ನು ಸೇರಿಸಿ ಕೊಟ್ಟಾಗ ರೋಗಿಗಳ ಆಯುಸ್ಸಿನ ಮಧ್ಯಾಂಕ 9 ತಿಂಗಳಿಂದ 12 ತಿಂಗಳಿಗೆ ಏರಿತು. 2020ರ ಹೊತ್ತಿಗೆ, ದೇಹದ ರಕ್ಷಣಾಶಕ್ತಿಯನ್ನೇ ಗಂತಿಯ ಮೇಲೆ ಬಿಡುವ ಎರಡು ಔಷಧಗಳಿಂದ ಅದು 18 ತಿಂಗಳಿಗೆ ಬಂದಿತು.

ಈ ಮಧ್ಯಾಂಕವೆಂಬ ಶಬ್ದವನ್ನು ನಮ್ಮ ಸಂಖ್ಯಾಶಾಸ್ತ್ರದ ಪಾಠದಲ್ಲಿ ಪರೀಕ್ಷೆಗೆಂದು ಉರುಹಾಕಿದವರೇ ನಾವೆಲ್ಲರೂ. ಅದರ ಬೆಲೆ ಒಬ್ಬನಿಗೆ ಪ್ರಾಣದಷ್ಟಾಯಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಜೀವವಿಕಾಸದ ಪ್ರಾಧ್ಯಾಪಕರಾಗಿದ್ದ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಪೊರೆಯ ಮೀಸೊಥೀಲಿಯೋಮ ಆಯಿತು. ಆಗ ಅವರಿಗೆ ನಲವತ್ತು ವರ್ಷ. ಗ್ರಂಥಾಲಯಕ್ಕೆ ಹೋಗಿ ಓದಿದರೆ ಮಧ್ಯಾಂಕ ಎಂಟು ತಿಂಗಳು ಎಂದಿತ್ತು. ಬೇರೆಯವರಾಗಿದ್ದರೆ ಇನ್ನು ಎಂಟು ತಿಂಗಳಿಗೆ ಸಾಯುತ್ತೇನೆಂದು ಮಲಗಿಬಿಡುತ್ತಿದ್ದರು. ಗೌಲ್ಡ್ ಅವರು ಆ ಸಂಖ್ಯೆಯ ಅರ್ಥವನ್ನು ವಿಚಾರಮಾಡಿದರು. ಲೆಕ್ಕಕ್ಕಾಗಿ ಏಳು ಜನರನ್ನು ಊಹಿಸಿಕೊಳ್ಳಿ. ಅವರು ಬದುಕಿದ ತಿಂಗಳುಗಳು 2, 4, 6, 8, 14, 60, 240 ಎಂದಿರಲಿ. ಮಧ್ಯಾಂಕ 8. ಅಂದರೆ ಅರ್ಧ ಜನ ಅದರ ಈಚೆ, ಅರ್ಧ ಜನ ಆಚೆ. ಈಚೆಯ ಕಡೆ ಸೊನ್ನೆಗಿಂತ ಕೆಳಕ್ಕೆ ಹೋಗುವಂತಿಲ್ಲ. ಆಚೆಯ ಕಡೆಗೆ ಎಷ್ಟು ದೂರ ಬೇಕಾದರೂ ಹೋಗಬಹುದು. ಎಂಟು ಎಂಬುದು ಮಧ್ಯದ ಒಂದು ಗುರುತೇ ಹೊರತು ಯಾರೊಬ್ಬರ ಹಣೆಯ ಬರಹವೂ ಅಲ್ಲ. ತಾವು ಆ ಉದ್ದನೆಯ ಬಾಲದಲ್ಲಿರಬಹುದೆಂದು ತರ್ಕಿಸಿ ಅವರು ಚಿಕಿತ್ಸೆಗೆ ನಿಂತರು. ಇಪ್ಪತ್ತು ವರ್ಷ ಬದುಕಿ, ದೊಡ್ಡ ದೊಡ್ಡ ಗ್ರಂಥಗಳನ್ನು ಬರೆದು, 2002ರಲ್ಲಿ ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡರು. ಎಲ್ಲರಿಗೂ ಹೀಗಾಗದು, ಆದರೆ ಸಂಖ್ಯೆಯನ್ನು ಓದಲು ಬಂದವನಿಗೂ ಬಾರದವನಿಗೂ ಒಂದೇ ಸಂಖ್ಯೆ ಎರಡು ಬೇರೆ ಮಾತುಗಳನ್ನು ಹೇಳುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ನಮ್ಮ ದೇಶ. ಕಲ್ನಾರು ನಮ್ಮ ಮಣ್ಣಿಗೆ ಹೊಸದಲ್ಲ. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನ ಶಿಲೆಗಳಲ್ಲಿಯೂ ಇದು ದೊರೆಯುತ್ತದೆ. ಅರುವತ್ತಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ: ಇಂಗ್ಲೆಂಡು ಬಿಳಿಯದನ್ನೂ ಸೇರಿಸಿ 1999ರಲ್ಲಿ, ದಕ್ಷಿಣ ಆಫ್ರಿಕ 2008ರಲ್ಲಿ. ಒಂದು ಕಾಲಕ್ಕೆ ಜಗತ್ತಿಗೆಲ್ಲ ಬಿಳಿಯ ಕಲ್ನಾರನ್ನು ಮಾರಿದ ಕೆನಡ 2018ರಲ್ಲಿ ನಿಷೇಧಿಸಿತು. ಅಲ್ಲಿ ಆಸ್‌ಬೆಸ್ಟಾಸ್ ಎಂಬ ಹೆಸರಿನದೇ ಒಂದು ಗಣಿಯೂರಿತ್ತು, 2020ರಲ್ಲಿ ಅದರ ಜನ ಮತ ಹಾಕಿ ಹೆಸರನ್ನೇ ಬದಲಾಯಿಸಿಕೊಂಡರು. ಭಾರತವು ಗಣಿಗಾರಿಕೆಗೆ ತಡೆಹಾಕಿತು, ಆದರೆ ಹೊರದೇಶದಿಂದ ಬಿಳಿಯ ಕಲ್ನಾರನ್ನು ತರಿಸಿ ಷೀಟು ಮಾಡುವುದಕ್ಕೆ ಹಾಕಲಿಲ್ಲ. ಅಗೆಯುವುದು ಅಪಾಯವೆಂದು ಒಪ್ಪಿದ ಮೇಲೆ ಕೊಯ್ಯುವುದು ಅಪಾಯವಲ್ಲವೆಂಬುದು ಯಾವ ತರ್ಕವೋ ನನಗೆ ತಿಳಿಯದು. ಬಡವನಿಗೆ ಅಗ್ಗದ ಸೂರು ಬೇಕೆಂಬುದು ಇದಕ್ಕೆ ಕೊಡುವ ಉತ್ತರ. ಅದು ಅಲ್ಲಗಳೆಯುವ ಮಾತಲ್ಲ. ಸೋಗೆ ತೆಗೆದು ಷೀಟು ಹಾಕಿದ ವರ್ಷ ನಮ್ಮ ಮನೆ ಮಳೆಗಾಲದಲ್ಲಿ ಮೊದಲ ಬಾರಿಗೆ ಸೋರಲಿಲ್ಲ. ಆದರೆ ನಾರಿನ ಬದಲಿಗೆ ಬೇರೆ ಎಳೆಗಳನ್ನು ಸೇರಿಸಿದ ಸಿಮೆಂಟು ಷೀಟು, ತಗಡು, ಹೆಂಚುಗಳೂ ಇವೆ.

1995ರ ಜನವರಿಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಕಲ್ನಾರಿನ ಕೆಲಸಗಾರರ ವಿಷಯದಲ್ಲಿ ಮುಖ್ಯವಾದ ತೀರ್ಪನ್ನು ಕೊಟ್ಟಿತು. ಕೆಲಸಗಾರನ ಆರೋಗ್ಯವು ಅವನ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆಯೆಂದು ಅದು ಹೇಳಿತು. ಪ್ರತಿಯೊಬ್ಬ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಅವನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟಂದಿನಿಂದ 15 ವರ್ಷ, ಇವೆರಡರಲ್ಲಿ ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಇಟ್ಟಿರಬೇಕೆಂದು ವಿಧಿಸಿತು. ನಲವತ್ತು ವರ್ಷವೇಕೆಂದು ಈಗ ವಾಚಕರಿಗೆ ಹೇಳಬೇಕಾಗಿಲ್ಲ. ಆದರೆ ಇದು ಕಾರ್ಖಾನೆಯಲ್ಲಿ ಹಾಜರಿ ಪುಸ್ತಕವುಳ್ಳವರಿಗೆ. ಕಾರ್ಖಾನೆಯ ಗೇಟು ದಾಟಿ ಬಂದ ಷೀಟನ್ನು ಊರೂರಿನಲ್ಲಿ ಕೊಯ್ಯುವವರಿಗೆ ಹಾಜರಿ ಪುಸ್ತಕವಿಲ್ಲ, ದಾಖಲೆಯಿಲ್ಲ. ಸಂತೆಯ ದಿನ ಮೇಸ್ತ್ರಿ ಕೊಡುವ ಕೂಲಿಯೇ ದಾಖಲೆ.

ಇಷ್ಟು ಓದಿ, ನಮ್ಮ ಮನೆಗೂ ಹಾಸ್ಟೆಲಿನ ಊಟದ ಮನೆಗೂ ಷೀಟೇ ಹೊದಿಸಿದೆಯಲ್ಲಾ ಎಂದು ಮಿತ್ರರು ಗಾಬರಿಯಾಗಬೇಕಾಗಿಲ್ಲ. ಗಟ್ಟಿಯಾಗಿ ಸುಮ್ಮನೆ ಕುಳಿತಿರುವ ಷೀಟಿನಲ್ಲಿ ನಾರು ಸಿಮೆಂಟಿನೊಳಗೆ ಸೆರೆಯಾಗಿರುತ್ತದೆ. ಅದನ್ನು ಕೊಯ್ದಾಗ, ಕೊರೆದಾಗ, ಒಡೆದಾಗ, ಒಣ ಪೊರಕೆಯಿಂದ ಉಜ್ಜಿದಾಗ, ಹಳೆಯದಾಗಿ ಮೇಲ್ಮೈ ಪುಡಿಪುಡಿಯಾದಾಗ ನಾರು ಬಿಡುಗಡೆಯಾಗುತ್ತದೆ. ಒಡೆದ ಚೂರುಗಳನ್ನು ಬಚ್ಚಲ ದಾರಿಗೆ, ಕೆಸರಿಗೆ ಹಾಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿದೆ. ಅದನ್ನು ಬಿಡಬೇಕು, ಮಕ್ಕಳು ಅದರೊಡನೆ ಆಡಬಾರದು. ಕೊಯ್ಯಲೇಬೇಕಾದರೆ ಷೀಟನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ, ಕೈಗರಗಸದಲ್ಲಿ, ಬಯಲಿನಲ್ಲಿ, ಗಾಳಿಗೆ ಬೆನ್ನುಕೊಟ್ಟು ಕೊಯ್ಯಬೇಕು. ಮೂಗಿಗೆ ಟವಲು ಕಟ್ಟಿದರೆ ಈ ನಾರು ನಿಲ್ಲುವುದಿಲ್ಲ. ದೂಳಿಗೆಂದೇ ಮಾಡಿದ ಒಳ್ಳೆಯ ಮುಖವಾಡ ಬೇಕು. ಬಿದ್ದ ಪುಡಿಯನ್ನು ಗುಡಿಸದೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರಸಿ ತೆಗೆಯಬೇಕು. ಕೆಲಸದ ಬಟ್ಟೆಯನ್ನು ಕೊಡವಬಾರದು, ಮನೆಯೊಳಕ್ಕೆ ತರಬಾರದು; ಹೊರಗೇ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಬೇರೆ ಬಟ್ಟೆಗಳ ಜೊತೆ ಸೇರಿಸದೆ ಒಗೆಯಬೇಕು. ನಮ್ಮ ಮನೆಯ ಹಿತ್ತಲಲ್ಲಿ ಈಗ ಅದಕ್ಕೆಂದೇ ಒಂದು ಹಳೆಯ ಡ್ರಮ್ಮನ್ನು ಇಟ್ಟಿದ್ದೇವೆ. ಕರೆಂಟಿನ ಕಟ್ಟರು ಮಾತ್ರ ಇನ್ನೂ ಹೋಗಿಲ್ಲ, ಅದು ಮೇಸ್ತ್ರಿಯದು.